ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಮಕ್ಕಳನ್ನು ನೋಡುವುದು ಯಾರು? ದಿನಪೂರ್ತಿ ವ್ಯವಸ್ಥೆ ಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಗಾರ್ಮೆಂಟ್ಸ್, ಮನೆಗೆಲಸ, ಕಟ್ಟಡ ಕೆಲಸ, ಅಂಗಡಿ, ಹೊಲದ ಕೂಲಿ... ಕೆಲಸ ಯಾವುದೇ ಇರಲಿ, ಮಗು ಬಿಡುವ ವ್ಯವಸ್ಥೆ ಕೆಡುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ಹೇಗೋ ಒಂದು ಜಾಗ ಸಿಗುತ್ತದೆ. ಸೇರಿಸಿ ನಿಟ್ಟುಸಿರು ಬಿಡುತ್ತಾರೆ. ಎರಡನೇ ವಾರಕ್ಕೆ ತಾಪತ್ರಯ ಶುರು. ಫ್ಯಾಕ್ಟರಿ ವ್ಯಾನ್ ಬರುವುದು ಏಳೂವರೆಗೆ, ಅಂಗನವಾಡಿ ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಆ ಎರಡು ಗಂಟೆಗೆ ಅಜ್ಜಿ. ಅಜ್ಜಿಗೆ ಹುಷಾರಿಲ್ಲದ ದಿನ ಪಕ್ಕದ ಮನೆಯವರು. ಅವರೂ ಊರಲ್ಲಿ ಇಲ್ಲದ ದಿನ ಐದನೇ ಕ್ಲಾಸಿನ ಅಕ್ಕ ಶಾಲೆ ತಪ್ಪಿಸಿ ಮನೆಯಲ್ಲಿ ಉಳಿಯುತ್ತಾಳೆ. ಕೆಲವೇ ತಿಂಗಳಲ್ಲಿ ತಾಯಿ ಕೆಲಸ ಬಿಡುತ್ತಾಳೆ, ಇಲ್ಲವೇ ಅಕ್ಕ ಶಾಲೆ ಬಿಡುತ್ತಾಳೆ.

ಹೀಗಾಗುವುದಕ್ಕೆ ಮುಖ್ಯ ಕಾರಣ, ಎಲ್ಲರೂ ಮೊದಲು ಜಾಗ ಹುಡುಕಲು ಹೊರಡುತ್ತಾರೆ. ಹೊತ್ತಿನ ಲೆಕ್ಕ ಆಮೇಲೆ ನೋಡುತ್ತಾರೆ. ಇನ್ನೊಂದು ಕಾರಣ, ಚಿಕ್ಕದರ ಬಗ್ಗೆ ಮಾತ್ರ ಯೋಚನೆ ಮಾಡಿ ದೊಡ್ಡದರ ಸಂಜೆಯನ್ನು ಮರೆತುಬಿಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕೆಲಸಕ್ಕೆ ವಾಪಸ್ ಹೋಗುವ ದಿನಕ್ಕೆ ಒಂದೂವರೆ ತಿಂಗಳಾದರೂ ಇರುವಾಗ ಶುರು ಮಾಡಿದರೆ ಒಳ್ಳೆಯದು.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಪ್ಲಾಸ್ಟಿಕ್ ಫೈಲ್ ತಗೊಳ್ಳಿ. ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್ (ಗರ್ಭಿಣಿ ಇದ್ದಾಗ ಆರೋಗ್ಯ ಇಲಾಖೆ ಕೊಡುವ ತಾಯಿ-ಮಗುವಿನ ಕಾರ್ಡ್), ತಂದೆ ತಾಯಿಯ ಆಧಾರ್, ಪಡಿತರ ಚೀಟಿ ಎಲ್ಲದರ ಮೂರು ಮೂರು ಜೆರಾಕ್ಸ್ ಅದರಲ್ಲಿರಲಿ. ತಾಯಿ ಕಾರ್ಡಿನಲ್ಲಿ ಲಸಿಕೆಯ ಪುಟ ಖಾಲಿ ಇದ್ದರೆ ಮೊದಲು ಆಶಾ ಕಾರ್ಯಕರ್ತೆಯ ಹತ್ತಿರ ತುಂಬಿಸಿ. ನೂರು ಪುಟದ ಒಂದು ನೋಟ್‌ಬುಕ್ಕೂ ಬೇಕು. ಹೊತ್ತಿನ ಪಟ್ಟಿ, ಫೋನ್ ನಂಬರು, ಯಾವ ಕಚೇರಿಯಲ್ಲಿ ಯಾರು ಏನು ಹೇಳಿದರು ಅನ್ನೋದು ಎಲ್ಲಾ ಅದರಲ್ಲೇ ಬರೆಯಿರಿ. ಬಾಡಿಗೆ ಮನೆ ಬದಲಾಯಿಸಿ ಬಂದವರು, ಬೇರೆ ಜಿಲ್ಲೆಯಿಂದ ಬಂದವರು ಹೆದರಬೇಕಿಲ್ಲ. ವಿಳಾಸ ಬೇರೆ ಊರಿನದು ಅನ್ನುವ ಕಾರಣಕ್ಕೆ ಅಂಗನವಾಡಿಯಲ್ಲಿ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ.

ಹಂತ 1: ಹೊತ್ತಿನ ಪಟ್ಟಿ

ನೋಟ್‌ಬುಕ್ಕಿನಲ್ಲಿ ಬೆಳಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಂದು ಗೆರೆ ಹಾಕಿ. ಪ್ರತಿ ಗೆರೆಯ ಮುಂದೆ ಆ ಹೊತ್ತಿಗೆ ಅಮ್ಮ ಎಲ್ಲಿ, ಅಪ್ಪ ಎಲ್ಲಿ, ಚಿಕ್ಕದು ಎಲ್ಲಿ, ದೊಡ್ಡದು ಎಲ್ಲಿ ಅಂತ ಬರೆಯಿರಿ. ಶಿಫ್ಟ್ ಹೊತ್ತು ಮಾತ್ರ ಬರೆದರೆ ಸಾಲದು. ಬಸ್ಸಿಗೆ ನಡೆಯುವ ಹೊತ್ತು, ಓಟಿ ಬೀಳುವ ದಿನ, ಸಂಬಳದ ದಿನ ಸಂತೆಗೆ ಹೋಗುವ ಹೊತ್ತು ಎಲ್ಲ ಸೇರಲಿ.

ಮಕ್ಕಳ ಜೊತೆ ದೊಡ್ಡವರು ಯಾರೂ ಇಲ್ಲದ ಗೆರೆಗಳಿಗೆ ಕೆಂಪು ಗುರುತು ಹಾಕಿ. ಹೆಚ್ಚಿನ ಮನೆಗಳಲ್ಲಿ ಕೆಂಪು ಬೀಳುವುದು ಎರಡೇ ಕಡೆ. ಬೆಳಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಆರೂವರೆ. ನೀವು ವ್ಯವಸ್ಥೆ ಮಾಡಬೇಕಾಗಿರುವುದು ಮುಖ್ಯವಾಗಿ ಈ ಹೊತ್ತಿಗೇ. ಮಧ್ಯಾಹ್ನಕ್ಕೆ ಜಾಗ ಸಿಕ್ಕೇ ಸಿಗುತ್ತದೆ.

ಶನಿವಾರಕ್ಕೆ ಬೇರೆ ಪಟ್ಟಿ ಮಾಡಿ. ಶಾಲೆಗೆ ಅರ್ಧ ದಿನ, ಫ್ಯಾಕ್ಟರಿಗೆ ಪೂರ್ತಿ ದಿನ ಇರುತ್ತದೆ ಅಲ್ವಾ? ಬೇಸಿಗೆ ರಜೆಗೂ ಒಂದು ಪಟ್ಟಿ ಬೇಕು. ಏಪ್ರಿಲ್ ಬಂದಾಗ ನೋಡೋಣ ಅಂತ ಬಿಟ್ಟವರೇ ಏಪ್ರಿಲ್‌ನಲ್ಲಿ ರಜೆ ಹಾಕಿ ಸಂಬಳ ಕಳೆದುಕೊಳ್ಳುತ್ತಾರೆ.

ಹಂತ 2: ಮಗುವಿನ ವಯಸ್ಸಿಗೆ ತಕ್ಕ ಜಾಗ ಯಾವುದು?

ಆರು ತಿಂಗಳವರೆಗೆ ಮಗು ತಾಯಿಯ ಹತ್ತಿರವೇ ಇರಬೇಕು. ಇಎಸ್‌ಐ (ಸಂಬಳದಲ್ಲಿ ಹಿಡಿಯುವ ಕಾರ್ಮಿಕರ ವಿಮೆ) ಇರುವವರಿಗೆ, ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವ ಕಡೆ ಕೆಲಸ ಮಾಡುವವರಿಗೆ ಮೊದಲ ಎರಡು ಹೆರಿಗೆಗೆ 26 ವಾರದ ಸಂಬಳಸಹಿತ ರಜೆ ಇದೆ. ಇದು ಗೊತ್ತಿಲ್ಲದೆ ಮೂರು ತಿಂಗಳಿಗೇ ವಾಪಸ್ ಹೋಗುವವರು ಇನ್ನೂ ಇದ್ದಾರೆ. ಇಎಸ್‌ಐ ಕಾರ್ಡ್ ಇದ್ದರೆ ಶಾಖಾ ಕಚೇರಿಯಲ್ಲಿ ನಿಮ್ಮ ವಂತಿಗೆ ಸರಿಯಾಗಿ ಕಟ್ಟಿದ್ದಾರಾ ಅಂತ ಗರ್ಭಿಣಿ ಇದ್ದಾಗಲೇ ವಿಚಾರಿಸಿಕೊಳ್ಳಿ.

ಆರು ತಿಂಗಳಿಂದ ಮೂರು ವರ್ಷ. ಎಲ್ಲರೂ ಎಡವುವುದು ಇಲ್ಲೇ. ಈ ವಯಸ್ಸಿನ ಮಕ್ಕಳ ಹೆಸರು ಅಂಗನವಾಡಿಯಲ್ಲಿ ಇರುತ್ತದೆ, ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ತೂಕ ನೋಡುತ್ತಾರೆ. ಆದರೆ ಮಗುವನ್ನು ದಿನವಿಡೀ ಅಲ್ಲಿ ಬಿಡುವ ವ್ಯವಸ್ಥೆ ಸಾಮಾನ್ಯ ಅಂಗನವಾಡಿಯಲ್ಲಿ ಇಲ್ಲ. ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಹೋಗಿ ಟೀಚರ್ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ. ಈ ವಯಸ್ಸಿಗೆ ವಿಚಾರಿಸಬೇಕಾದದ್ದು ಇವು:

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಕೂಸಿನ ಮನೆ. ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಇದನ್ನು ಘೋಷಿಸಿತ್ತು. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿಯೇ ಇರುವ ಜಾಗ ಇದು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ನಡೀತಾ ಇದೆಯಾ ಅಂತ ನೇರ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಬೋರ್ಡ್ ಇದ್ದ ಮಾತ್ರಕ್ಕೆ ಬಾಗಿಲು ತೆರೆದಿರುತ್ತದೆ ಅಂದುಕೊಳ್ಳಬೇಡಿ, ಕೆಲಸದ ದಿನ ಹನ್ನೊಂದು ಗಂಟೆಗೆ ಹೋಗಿ ನೋಡಿ.

ಊರು, ಪಟ್ಟಣ ಎರಡೂ ಕಡೆ ಕೆಲವು ಅಂಗನವಾಡಿಗಳಲ್ಲಿ ಕೇಂದ್ರದ ಪಾಲನಾ ಯೋಜನೆಯ ಕ್ರೆಷ್, ಅಂದರೆ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ, ಸೇರಿಕೊಂಡಿದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನಿಮ್ಮ ಶಿಫ್ಟೇ ಎಂಟು ಗಂಟೆ, ಓಡಾಟ ಬೇರೆ. ಇದು ಸಿಕ್ಕರೂ ಕೆಂಪು ಗೆರೆ ಪೂರ್ತಿ ಅಳಿಯುವುದಿಲ್ಲ ಅನ್ನೋದು ನೆನಪಿರಲಿ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಇದೆ ಅನ್ನುವ ಪಟ್ಟಿ ಸಿಡಿಪಿಒ (ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಸಿಗುತ್ತದೆ.

ಮೂರರಿಂದ ಆರು ವರ್ಷಕ್ಕೆ ಅಂಗನವಾಡಿಯೇ ಸರಿ. ಬಿಸಿಯೂಟ, ಹಾಲು, ಮೊಟ್ಟೆ, ಆಟ, ಹಾಡು ಎಲ್ಲ ಇದೆ. ಸಾಮಾನ್ಯವಾಗಿ ಸಂಜೆ ನಾಲ್ಕರವರೆಗೆ ತೆರೆದಿರುತ್ತದೆ. ದುಡ್ಡು ಕೊಟ್ಟು ಖಾಸಗಿ ನರ್ಸರಿಗೆ ಕಳಿಸಿದರೆ ಮಗು ಹನ್ನೆರಡೂವರೆಗೇ ಮನೆಗೆ ಬರುತ್ತದೆ, ಆಮೇಲೆ ಇನ್ನೊಬ್ಬರನ್ನು ಹುಡುಕಬೇಕು. ದುಡಿಯುವ ತಾಯಿಗೆ ಎಬಿಸಿಡಿಗಿಂತ ಆ ಮೂರೂವರೆ ಗಂಟೆ ದೊಡ್ಡದು, ಮಗುವಿಗೂ ಈ ವಯಸ್ಸಿನಲ್ಲಿ ಬರೆಯುವುದಕ್ಕಿಂತ ಆಟವೇ ಮುಖ್ಯ.

ಇಲ್ಲೊಂದು ಎಚ್ಚರಿಕೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ರಾಜ್ಯದಲ್ಲಿ ಬಂದಿದೆ. 2025-26ರಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದು ಆ ಒಂದು ವರ್ಷದ ಮಟ್ಟಿಗೆ. ಶಾಲೆಗೆ ಬೇಗ ಹಾಕಿಬಿಡೋಣ ಅಂತ ಅಂಗನವಾಡಿ ಬಿಡಿಸಿದರೆ ಮಗು ಒಂದು ವರ್ಷ ಎಲ್ಲೂ ಇಲ್ಲದೆ ಮನೆಯಲ್ಲಿ ಉಳಿಯುತ್ತದೆ.

ಹಂತ 3: ಕೆಲಸದ ಕಡೆ ಕೇಳುವುದು

ಮುಜುಗರದಿಂದ ಜಾಸ್ತಿ ಜನ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರು ಇರುವ ಸಂಸ್ಥೆ ಕ್ರೆಷ್ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಲು ಬಿಡಬೇಕು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಇದನ್ನು ತಂದಿತು, ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಇದೆ. ಐವತ್ತು ಅನ್ನುವ ಲೆಕ್ಕದಲ್ಲಿ ಗಂಡಸರೂ ಸೇರುತ್ತಾರೆ. "ನಮ್ಮಲ್ಲಿ ಹೆಂಗಸರು ಇಪ್ಪತ್ತೇ ಜನ" ಅನ್ನುವ ಉತ್ತರ ನಡೆಯುವುದಿಲ್ಲ.

ಕೇಳುವ ಕ್ರಮ ಹೀಗಿರಲಿ. ಮೊದಲು ನಿಮ್ಮ ಸೆಕ್ಷನ್‌ನಲ್ಲಿ ಆರು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಎಷ್ಟು ಜನ ಅಂತ ಊಟದ ಹೊತ್ತಲ್ಲಿ ಪಟ್ಟಿ ಮಾಡಿ. ಐದಾರು ಹೆಸರಾದರೂ ಸೇರಿದ ಮೇಲೆ ಒಂದು ಅರ್ಜಿ ಬರೆಯಿರಿ. ಸೂಪರ್‌ವೈಸರ್‌ಗೆ ಬಾಯಿ ಮಾತಲ್ಲಿ ಹೇಳಿದರೆ ಅದು ಅಲ್ಲೇ ನಿಲ್ಲುತ್ತದೆ, ನೇರ ವೆಲ್ಫೇರ್ ಆಫೀಸರ್ ಅಥವಾ ಎಚ್‌ಆರ್‌ಗೆ ಕೊಡಿ. ಅರ್ಜಿ ಉದ್ದ ಬೇಕಿಲ್ಲ:

"ಮಾನ್ಯರೇ, ನಾವು ಕೆಳಗೆ ಸಹಿ ಮಾಡಿದವರು ಆರು ವರ್ಷದೊಳಗಿನ ಮಕ್ಕಳ ತಾಯಂದಿರು. ನಮ್ಮ ಮಕ್ಕಳ ವಯಸ್ಸನ್ನು ಹೆಸರಿನ ಮುಂದೆ ಬರೆದಿದ್ದೇವೆ. ಕ್ರೆಷ್‌ಗೆ ಸೇರಿಸಿಕೊಳ್ಳುವ ವಯಸ್ಸು, ತೆರೆಯುವ ಮತ್ತು ಮುಚ್ಚುವ ಹೊತ್ತು, ಓಟಿ ದಿನದ ವ್ಯವಸ್ಥೆಯನ್ನು ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇವೆ."

ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು ತಾರೀಖು ಹಾಕಿಸಿಕೊಂಡು ಬನ್ನಿ. ಆ ಸೀಲು ಇಲ್ಲದಿದ್ದರೆ ನೀವು ಕೇಳಿಯೇ ಇಲ್ಲ ಅಂತ ಆಗುತ್ತದೆ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಕರೆ ಮಾಡಿ, ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರ ಕಚೇರಿ ಎಲ್ಲಿದೆ ಅಂತ ಕೇಳಿಕೊಳ್ಳಿ. ಫ್ಯಾಕ್ಟರಿಯಲ್ಲಿ ಯೂನಿಯನ್ ಇದ್ದರೆ ಅವರ ಮೂಲಕ ಹೋಗುವುದು ಇನ್ನೂ ಒಳ್ಳೆಯದು.

ಕ್ರೆಷ್ ಇದ್ದರೂ ಹಲವು ಕಡೆ ಒಂದು ವರ್ಷ ಆಗದ ಕೂಸುಗಳನ್ನು ತಗೊಳ್ಳಲು ಹಿಂಜರಿಯುತ್ತಾರೆ. ಇನ್ನು ಕೆಲವು ಕಡೆ ಮಗುವನ್ನು ಕರೆತರಲು ಫ್ಯಾಕ್ಟರಿ ವ್ಯಾನಿನಲ್ಲಿ ಜಾಗ ಕೊಡುವುದಿಲ್ಲ. ಹಾಗಾದರೆ ಇದ್ದೂ ಇಲ್ಲದ ಹಾಗೆ. ಅರ್ಜಿಯಲ್ಲಿ ವ್ಯಾನಿನ ವಿಷಯವನ್ನೂ ಒಂದು ಸಾಲಲ್ಲಿ ಸೇರಿಸಿ.

ಮನೆಗೆಲಸದವರಿಗೆ ಈ ಕಾನೂನು ಬರುವುದಿಲ್ಲ. ನೀವು ಕೆಲಸ ಮಾಡುವ ಮನೆಯವರ ಹತ್ತಿರ ಹೊತ್ತು ಹೊಂದಿಸಿಕೊಳ್ಳುವ ಮಾತು ಆಡಬೇಕು. ಮೂರು ಮನೆ ಇದ್ದರೆ ಮೊದಲ ಮನೆಯನ್ನು ಅಂಗನವಾಡಿ ತೆರೆದ ಮೇಲಿನ ಹೊತ್ತಿಗೆ ಹಾಕಿಕೊಳ್ಳಲು ಆಗುತ್ತಾ ಅಂತ ಕೇಳಿ ನೋಡಿ. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮಕ್ಕಳ ಓದಿನ ಸಹಾಯಧನಕ್ಕೂ ಈ ಕಾರ್ಡೇ ಬೇಕು.

ಹಂತ 4: ಜಾಗ ನೋಡಿ ಬರುವುದು

ಕೂಸಿನ ಮನೆ ಇರಲಿ, ಅಂಗನವಾಡಿ ಇರಲಿ, ಬೀದಿಯ ಬೇಬಿ ಸಿಟ್ಟಿಂಗ್ ಇರಲಿ, ಹೇಳದೆ ಕೇಳದೆ ಎರಡು ಸಲ ಹೋಗಿ. ಒಮ್ಮೆ ಊಟದ ಹೊತ್ತಿಗೆ, ಒಮ್ಮೆ ಮಲಗುವ ಹೊತ್ತಿಗೆ.

ಒಳಗೆ ಹೋದ ತಕ್ಷಣ ಗೋಡೆಯ ಚಿತ್ರ ನೋಡಬೇಡಿ, ನೆಲ ನೋಡಿ. ಒಣಗಿದೆಯಾ, ಚಾಪೆ ಎಷ್ಟಿವೆ, ಸ್ವಿಚ್ ಬೋರ್ಡು ಮಕ್ಕಳ ಕೈಗೆ ಎಟುಕುತ್ತದಾ. ಒಲೆ, ಗ್ಯಾಸ್ ಸಿಲಿಂಡರ್ ಮಕ್ಕಳಿರುವ ಕೋಣೆಯಲ್ಲೇ ಇದ್ದರೆ ಅದು ಕೆಟ್ಟ ಲಕ್ಷಣ. ಮುಚ್ಚಳ ಇಲ್ಲದ ಸಂಪು, ನೀರು ತುಂಬಿದ ಡ್ರಮ್ಮು ಕಂಡರೆ ಆ ಜಾಗ ಬೇಡವೇ ಬೇಡ. ತೆವಳುವ ಮಗುವಿಗೆ ಬಕೆಟ್ಟಿನ ನೀರೂ ಅಪಾಯ.

ಆಮೇಲೆ ಮಕ್ಕಳ ಮುಖ ನೋಡಿ. ಹನ್ನೊಂದು ಗಂಟೆಗೆ ಎಲ್ಲ ಮಕ್ಕಳೂ ನಿದ್ದೆ ಮಾಡುತ್ತಿದ್ದರೆ ಕಾರಣ ಕೇಳಲೇಬೇಕು. ಮಕ್ಕಳು ಸುಮ್ಮನಿರಲಿ ಅಂತ ಕೆಮ್ಮಿನ ಔಷಧಿ ಕುಡಿಸುವ ಜಾಗಗಳೂ ಇವೆ. ದಿನವಿಡೀ ಟೀವಿ ಅಥವಾ ಮೊಬೈಲ್ ಹಾಕಿ ಕೂರಿಸುವ ಜಾಗದಲ್ಲಿ ಮಗು ಸುಮ್ಮನೇನೋ ಇರುತ್ತದೆ, ಆದರೆ ಮಾತು ಬೇಗ ಬರುವುದಿಲ್ಲ. ಒಬ್ಬರೇ ಹತ್ತು ಕೂಸುಗಳನ್ನು ನೋಡಿಕೊಳ್ಳುತ್ತಿದ್ದರೆ, ಅವರು ಎಷ್ಟೇ ಒಳ್ಳೆಯವರಾಗಲಿ, ಬೇಡ.

ನೋಡಿಕೊಳ್ಳುವವರ ಹತ್ತಿರ ಮೂರು ಪ್ರಶ್ನೆ ಕೇಳಿ. ಮಗುವಿಗೆ ಜ್ವರ ಬಂದರೆ ಏನು ಮಾಡ್ತೀರಿ? ನನ್ನ ಹೆಸರು ಹೇಳಿಕೊಂಡು ಬೇರೆಯವರು ಬಂದರೆ ಮಗುವನ್ನು ಕಳಿಸ್ತೀರಾ? ನೀವು ಬರಲಾಗದ ದಿನ ಯಾರು ಇರ್ತಾರೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ದಿನಕ್ಕೆ ನೀವೇ ಬೇರೆ ದಾರಿ ಮಾಡಿಕೊಳ್ಳಬೇಕು, ಈಗಲೇ. ಕೂಸಿನ ಮನೆಯಲ್ಲಿ ಕೇರ್‌ಟೇಕರ್‌ಗಳು ಸರದಿಯಲ್ಲಿ ಬದಲಾಗುತ್ತಾರೆ. ಹೊಸಬರು ಬಂದಾಗ ಮಗುವಿಗೆ ಒಗ್ಗದ ತಿಂಡಿ, ಔಷಧಿ ಮತ್ತೆ ಹೇಳಿ.

ಹಂತ 5: ಕೆಂಪು ಗೆರೆ ಮುಚ್ಚುವುದು

ಈಗ ಮತ್ತೆ ಹೊತ್ತಿನ ಪಟ್ಟಿ ತೆಗೆಯಿರಿ. ಸಿಕ್ಕಿದ ಜಾಗದ ಹೊತ್ತನ್ನು ತುಂಬಿ. ಉಳಿದ ಕೆಂಪು ಗೆರೆಗೆ ಜನ ಬೇಕು.

ಅಪ್ಪನ ಹೆಸರನ್ನು ಮೊದಲು ಬರೆಯಿರಿ. ಆಟೋ ಓಡಿಸುವ ಅಪ್ಪ ಬೆಳಗ್ಗೆ ಎರಡು ಗಂಟೆ ತಡವಾಗಿ ಹೊರಡಬಹುದು, ರಾತ್ರಿ ಪಾಳಿಯ ಅಪ್ಪ ಬೆಳಗ್ಗೆ ಮಗುವನ್ನು ಬಿಟ್ಟು ಬಂದು ಮಲಗಬಹುದು. ಹೆಂಗಸರ ಕೈಯಲ್ಲೇ ಎಲ್ಲ ಹೊಂದಿಸಲು ಹೋಗಿ ವ್ಯವಸ್ಥೆ ಮುರಿಯುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ.

ಆಮೇಲೆ ನೆರೆಯವರು. ಸುಮ್ನೆ ನೋಡಿಕೊಳ್ಳಿ ಅಕ್ಕಾ ಅಂತ ಕೇಳಿದರೆ ಒಂದು ತಿಂಗಳು ನಡೆಯುತ್ತದೆ, ಆಮೇಲೆ ಇಬ್ಬರಿಗೂ ಬೇಸರ. ಹೊತ್ತು ಇಷ್ಟು, ದಿನ ಇಷ್ಟು, ತಿಂಗಳಿಗೆ ಇಷ್ಟು ದುಡ್ಡು ಅಂತ ಮೊದಲೇ ಮಾತಾಡಿ. ದುಡ್ಡು ಬೇಡ ಅಂದರೆ ವಾರದ ರಜೆಯ ದಿನ ಅವರ ಮಕ್ಕಳನ್ನು ನೀವು ನೋಡಿಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. ಒಂದೇ ವಠಾರದಲ್ಲಿ ಮೂರು ನಾಲ್ಕು ತಾಯಂದಿರು ಬೇರೆ ಬೇರೆ ಶಿಫ್ಟಿನಲ್ಲಿದ್ದರೆ ಸರದಿ ಪಟ್ಟಿ ಹಾಕಿ ಗೋಡೆಗೆ ಅಂಟಿಸಿ. ಸ್ವಸಹಾಯ ಸಂಘದ ಸಭೆ ಇದನ್ನು ಮಾತಾಡಲು ಒಳ್ಳೆಯ ಜಾಗ.

ಇಲ್ಲಿ ಒಂದು ಮಾತ್ರ ಮಾಡಬೇಡಿ. ಹದಿನಾಲ್ಕು ವರ್ಷದೊಳಗಿನ ಅಕ್ಕನ ಹೆಸರನ್ನು ಕೆಂಪು ಗೆರೆಯಲ್ಲಿ ಬರೆಯಬೇಡಿ. ಅರ್ಧ ಗಂಟೆ ತಾನೇ ಅನ್ನಿಸುತ್ತದೆ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಕ್ಲಾಸಿಗೆ ವಾಪಸ್ ಬರದ ಹುಡುಗಿಯ ಬಗ್ಗೆ ಯಾವ ಸರ್ಕಾರಿ ಶಾಲೆಯ ಟೀಚರ್‌ರನ್ನು ಕೇಳಿದರೂ ಗೊತ್ತು: ಸೊಂಟದ ಮೇಲೆ ತಮ್ಮ, ಕೈಯಲ್ಲಿ ತಟ್ಟೆ, ಬೆನ್ನಿಗೆ ಬ್ಯಾಗು. ಬೆಳಗಿನ ಹಾಜರಿಯಲ್ಲಿ ಅವಳು ಇದ್ದಾಳೆ. ಮಧ್ಯಾಹ್ನದ ಗಣಿತದಲ್ಲಿ ಇಲ್ಲ. ಎಂಟನೇ ಕ್ಲಾಸಿಗೆ ಬರುವಾಗ ಪಾಠ ಹಿಡಿಯಲಾಗದೆ ಬಿಡುತ್ತಾಳೆ.

ಹಂತ 6: ಮಗುವಿಗೆ ರೂಢಿ ಮಾಡಿಸುವುದು

ನೀವು ಕೆಲಸಕ್ಕೆ ಸೇರುವ ಮುಂಚಿನ ಹತ್ತು ದಿನ ಇದಕ್ಕೇ ಇಡಿ. ಮೊದಲೆರಡು ದಿನ ನೀವೂ ಮಗುವಿನ ಜೊತೆ ಒಂದು ಗಂಟೆ ಕೂತು ವಾಪಸ್ ಬನ್ನಿ. ಆಮೇಲೆ ಅರ್ಧ ಗಂಟೆ ಬಿಟ್ಟು ಹೋಗಿ. ಹಾಗೇ ಹೊತ್ತು ಹೆಚ್ಚಿಸುತ್ತಾ ಹೋಗಿ, ಕೊನೆಗೆ ಒಂದು ಪೂರ್ತಿ ದಿನ.

ಕಣ್ತಪ್ಪಿಸಿ ಓಡಬೇಡಿ. "ಅಮ್ಮ ಕೆಲಸಕ್ಕೆ ಹೋಗಿ ಸಾಯಂಕಾಲ ಬರ್ತೀನಿ ಕಂದಾ" ಅಂತ ಹೇಳಿ ಹೊರಡಿ. ಅಳುತ್ತದೆ, ಅಳಲಿ. ಹೇಳದೆ ಹೋದರೆ ಮರುದಿನದಿಂದ ಬಾಗಿಲ ಹತ್ತಿರವೇ ಕೂತಿರುತ್ತದೆ.

ಚೀಲದಲ್ಲಿ ಎರಡು ಜೊತೆ ಬಟ್ಟೆ, ಒರೆಸುವ ಹತ್ತಿ ಬಟ್ಟೆ, ಮನೆಯಲ್ಲಿ ಬಳಸುವ ಲೋಟ, ಮಗು ಹಿಡಿದು ಮಲಗುವ ಹಳೆ ಸೀರೆ ತುಂಡು ಇರಲಿ. ಎದೆಹಾಲು ಕುಡಿಯುವ ಮಗುವಾದರೆ ಹಾಲು ಹಿಂಡಿ ಸ್ಟೀಲ್ ಲೋಟದಲ್ಲಿ ಕೊಡುವುದನ್ನು ಮೊದಲೇ ರೂಢಿ ಮಾಡಿ, ಬಾಟಲಿ ಬೇಡ. ಚೀಲದ ಒಳಗೆ ಒಂದು ಚೀಟಿ: ಮಗುವಿನ ಹೆಸರು, ಇಬ್ಬರ ಫೋನ್ ನಂಬರು, ಮಗುವನ್ನು ಯಾರ ಜೊತೆ ಕಳಿಸಬಹುದು ಅನ್ನುವ ಎರಡೇ ಹೆಸರು.

ಹಂತ 7: ದೊಡ್ಡ ಮಕ್ಕಳ ಸಂಜೆ ಮತ್ತು ರಜೆ

ನಾಲ್ಕೂವರೆಯಿಂದ ಏಳರವರೆಗೆ ಹನ್ನೆರಡು ವರ್ಷದ ಹುಡುಗ ಎಲ್ಲಿರುತ್ತಾನೆ ಅಂತ ಗೊತ್ತಿರಬೇಕು. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಇದಕ್ಕೆ ಮೊದಲ ಆಯ್ಕೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕ, ಚೆಸ್, ಕೇರಂ, ಕೆಲವು ಕಡೆ ಕಂಪ್ಯೂಟರ್ ಇದೆ. ಸಂಜೆ ತೆರೆದಿರುತ್ತಾ ಅಂತ ಮೊದಲು ನೋಡಿಕೊಳ್ಳಿ. ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ತೆರೆದು, ಶಾಲೆ ಬಿಡುವ ಹೊತ್ತಿಗೆ ಮುಚ್ಚುವುದಾದರೆ ಹೊತ್ತು ಬದಲಿಸಿ ಅಂತ ಪಂಚಾಯಿತಿಗೆ ಅರ್ಜಿ ಕೊಡಬಹುದು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎದ್ದು ಇದನ್ನು ಕೇಳಿದರೆ ಅದಕ್ಕೆ ತೂಕ ಬೇರೆ.

ಬೇಸಿಗೆ ರಜೆಗೆ ಪಂಚಾಯಿತಿ ಗ್ರಂಥಾಲಯ ಮತ್ತು ಬಾಲಭವನದ ಶಿಬಿರಗಳನ್ನು ಮಾರ್ಚ್‌ನಲ್ಲೇ ವಿಚಾರಿಸಿ. ವರ್ಷಕ್ಕೆ ಎಂಟು ತಿಂಗಳು ವಲಸೆ ಹೋಗುವ ಮನೆಯವರು ಮಗು ಐದನೇ ಕ್ಲಾಸಿನಲ್ಲಿದ್ದಾಗಲೇ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಒಂದು ವರ್ಷ ತಪ್ಪಿದರೆ ಆ ಬಾಗಿಲು ಬಹುತೇಕ ಮುಚ್ಚಿದ ಹಾಗೆ. ಅರ್ಜಿ ಹಾಕುವ ದಿನಾಂಕವನ್ನು ಮುಖ್ಯೋಪಾಧ್ಯಾಯರ ಹತ್ತಿರ ಕೇಳಿಟ್ಟುಕೊಳ್ಳಿ.

ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಫಲಿತಾಂಶ ಬರುವವರೆಗೆ ಅಂತ ಕೆಲಸಕ್ಕೆ ಸೇರಿ ಅಲ್ಲೇ ಉಳಿದುಬಿಡುತ್ತಾರೆ. ಐಟಿಐ, ಡಿಪ್ಲೊಮಾ, ಪಿಯು ಅರ್ಜಿಗಳು ಯಾವಾಗ ಅಂತ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹಂತ 8: ಮೊದಲ ಎರಡು ತಿಂಗಳು ಕಣ್ಣಿಡುವುದು

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡಿಸಿ. ಎರಡು ತಿಂಗಳು ಸಾಲಾಗಿ ತೂಕ ಏರದಿದ್ದರೆ ಟೀಚರ್‌ಗೆ ತೋಳಿನ ಸುತ್ತಳತೆ ಪಟ್ಟಿ ಹಾಕಿ ನೋಡಲು ಹೇಳಿ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ ಹಸಿರು ಬಂದರೆ ಸರಿ. 12.5 ಸೆಂಟಿಮೀಟರ್‌ಗಿಂತ ಕಡಿಮೆಯ ಹಳದಿ ಬಂದರೆ ಊಟದ ಕಡೆ ಗಮನ ಬೇಕು. 11.5ಕ್ಕಿಂತ ಕಡಿಮೆ, ಕೆಂಪು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ತೀವ್ರ ಅಪೌಷ್ಟಿಕ ಮಕ್ಕಳನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದ ಬಗ್ಗೆ ಕೇಳಿ.

ಇನ್ನೂ ಕೆಲವು ಲಕ್ಷಣಗಳಿವೆ. ಮೂರು ವಾರ ಕಳೆದರೂ ಅದೇ ವ್ಯಕ್ತಿಯನ್ನು ಕಂಡು ಮಗು ಬಿಗಿಯಾಗುವುದು, ಮೈಮೇಲೆ ಕಾರಣ ಹೇಳದ ಗಾಯ, ಕರೆದುಕೊಂಡು ಬರುವಾಗ ಮಗು ಯಾವಾಗಲೂ ಮಂಪರಿನಲ್ಲಿ ಇರುವುದು. ಇವು ಕಂಡರೆ ಮರುದಿನ ಮಗುವನ್ನು ಅಲ್ಲಿಗೆ ಕಳಿಸಬೇಡಿ. ಸಂಶಯ ಗಟ್ಟಿಯಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ.

ದೊಡ್ಡ ಮಗಳ ಶಾಲೆಗೂ ತಿಂಗಳಿಗೊಮ್ಮೆ ಹೋಗಿ ಹಾಜರಿ ಕೇಳಿ, ಮಧ್ಯಾಹ್ನದ ಹಾಜರಿ ಅಂತ ಬಿಡಿಸಿ ಕೇಳಿ. ಅದು ಕುಸಿಯುತ್ತಿದ್ದರೆ ಚಿಕ್ಕದರ ವ್ಯವಸ್ಥೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮತ್ತೆ ಹಂತ 1ರ ಪಟ್ಟಿ ತೆಗೆದು ಯಾವ ಗೆರೆ ಅಂತ ಹುಡುಕಿ.

ಅಂಗನವಾಡಿ ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಮೊದಲು ಟೀಚರ್ ಜೊತೆಯೇ ಮಾತಾಡಿ. ಅವರ ಮೇಲೆ ಸರ್ವೆ, ಮೊಬೈಲ್ ಎಂಟ್ರಿ, ಮೀಟಿಂಗ್ ಅಂತ ಹೊರೆ ಜಾಸ್ತಿ ಇದೆ, ಎಷ್ಟೋ ಸಲ ತಡವಾಗಲು ಅದೇ ಕಾರಣ. ಆಮೇಲೆ ಬಾಲವಿಕಾಸ ಸಮಿತಿ (ಅಂಗನವಾಡಿಗೆ ಊರಿನವರೇ ಇರುವ ಸಮಿತಿ), ಆಮೇಲೆ ಮೇಲ್ವಿಚಾರಕಿ, ಕೊನೆಗೆ ಸಿಡಿಪಿಒ. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇಲ್ಲ ಅಥವಾ ಮುಚ್ಚಿದೆ ಅಂದರೆ ಗ್ರಾಮ ಸಭೆಯಲ್ಲಿ ಕೇಳಿ. ಎಷ್ಟು ಮಕ್ಕಳಿಗೆ ಬೇಕು ಅನ್ನುವ ಪಟ್ಟಿ ವಯಸ್ಸಿನ ಸಮೇತ ಕೈಯಲ್ಲಿರಲಿ. ಚಪ್ಪಾಳೆ ಬಿದ್ದ ತಕ್ಷಣ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದದ್ದನ್ನು ಓದಿಸಿ ಕೇಳಿ, ಆ ಪುಟದ ಪ್ರತಿಗೆ ಅಲ್ಲೇ ಅರ್ಜಿ ಕೊಟ್ಟು ಬನ್ನಿ.